ಮರ್ದಾನಸಾಬರ ಮದರಂಗಿ ಕಾಲು

“ಸೂಜಿ ಇಲ್ಲ, ಕತ್ರಿ ಇಲ್ಲ, ಯಾರ ಹಂಗೂ ಇಲ್ಲ! ನನ್ನ ಕಾಲು, ನನ್ನ ಇಲಾಜು!”

ಲಕ್ಷ್ಮೇಶ್ವರದ ಟ್ರಂಕಿನ ವ್ಯಾಪಾರಿ ಮರ್ದಾನಸಾಬರು ಹೀಗೆ ಗುಡುಗಿದ್ದು ಗದಗ ಹೊಸ ಜಿಲ್ಲೆಯಾದ ಮರುವರ್ಷದ ಬೇಸಿಗೆಯಲ್ಲಿ. ಧಾರವಾಡವನ್ನು ಬಿಟ್ಟು ಇಡೀ ಜಿಲ್ಲೆಯೇ ತನ್ನ ಕಾಲ ಮೇಲೆ ತಾನು ನಿಂತಿರುವಾಗ ಮರ್ದಾನಸಾಬರ ಕಾಲಿಗೇನು ಧಾಡಿ? ಧಾಡಿ ಇತ್ತು. ಸಕ್ಕರೆ ಕಾಯಿಲೆ ಅಂಗಾಲಿನ ನರಗಳನ್ನು ತಿನ್ನತೊಡಗಿತ್ತು. ಒಮ್ಮೆ ಕೆಂಡ ತುಳಿದಂಥ ಉರಿ, ಉರಿ ತಗ್ಗಿದರೆ ಇರುವೆ ಹರಿದಂಥ ಜುಮುಜುಮು.

ಗದಗಿನ ಡಾಕ್ಟರು ಆಪರೇಶನ್ ಬೇಡವೇ ಬೇಡ ಎಂದಿದ್ದರು. ಸಕ್ಕರೆ ಹತೋಟಿಯಲ್ಲಿಡಿ, ನಡೆಯಿರಿ, ಮೆತ್ತನೆಯ ಚಪ್ಪಲಿ ಹಾಕಿರಿ, ದಿನಾ ಅಂಗಾಲು ನೋಡಿಕೊಳ್ಳಿ, ಉರಿಗೆ ಈ ಮುಲಾಮು. ಇಷ್ಟಕ್ಕೂ ಬಗ್ಗದಿದ್ದರೆ ಹುಬ್ಬಳ್ಳಿಯಲ್ಲಿ ಚರ್ಮಕ್ಕೆ ಪಟ್ಟಿ ಅಂಟಿಸಿ ಸಣ್ಣಗೆ ಕರೆಂಟು ಹಾಯಿಸುವ ಯಂತ್ರವಿದೆ ಎಂದೂ ಹೇಳಿದ್ದರು. ಇದರಲ್ಲಿ ಮರ್ದಾನಸಾಬರ ಕಿವಿಗೆ ಬಿದ್ದದ್ದು ‘ಆಪರೇಶನ್ ಬೇಡ’ ಎಂಬುದೊಂದೇ. ಮಿಕ್ಕಿದ್ದೆಲ್ಲ ಹೆಂಡತಿ ಮುಮ್ತಾಜಳ ಕಿವಿಗೆ ಬಿತ್ತು. ಯಾರ ಕಿವಿಗೆ ಬಿತ್ತೋ ಅವರ ತಲೆಗೇ ಕೆಲಸವೂ ಬಿತ್ತು.

ಸ್ವಾವಲಂಬಿ ಇಲಾಜು ಶುರುವಾಯಿತು. ನಲ್ಲಿಗೆ ಎಂದೋ ಒಮ್ಮೆ ನೀರು ಬರುವ ಊರಿನಲ್ಲಿ ಸಾಹೇಬರ ಪಾದಗಳಿಗೆ ದಿನಕ್ಕೊಂದು ಬಕೆಟ್ ಉಗುರುಬೆಚ್ಚನೆಯ ನೀರು. ಕಾಯಿಸುವವಳು ಮುಮ್ತಾಜ. ಬಿಸಿ ಹೆಚ್ಚಾದರೆ ಅವರ ಕಾಲಿಗೆ ತಿಳಿಯುವುದಿಲ್ಲವೆಂದು ಮೊಣಕೈ ಅದ್ದಿ ನೋಡುವವಳು ಮುಮ್ತಾಜ. ಆಮೇಲೆ ಎಣ್ಣೆ ತಿಕ್ಕುವವಳೂ ಅವಳೇ, ಬ್ಯಾಟರಿ ಹಿಡಿದು ಅಂಗಾಲಿನಲ್ಲಿ ಗಾಯ ಹುಡುಕುವವಳೂ ಅವಳೇ. ಸಾಹೇಬರು ಕಾಲು ಚಾಚುತ್ತಿದ್ದರು. ಅದನ್ನು ಮಾತ್ರ ಯಾರ ಸಹಾಯವೂ ಇಲ್ಲದೆ ಮಾಡುತ್ತಿದ್ದರು!

ಟ್ರಂಕು ಕೊಳ್ಳಲು ಬಂದವರಿಗೆಲ್ಲ ಭಾಷಣ: “ನೋಡ್ರಿ, ಚುಚ್ಚಂಗಿಲ್ಲ, ಕೊಯ್ಯಂಗಿಲ್ಲ. ಒಂದೀಟೂ ನೋವಿಲ್ಲದ ಇಲಾಜು!” ನಿಜವೇ. ನೋವೆಲ್ಲ ಮುಮ್ತಾಜಳ ರಟ್ಟೆಯಲ್ಲಿತ್ತು.

ಇದರ ನಡುವೆ ಅವರ ತಂಗಿ ಲಾಲಬಿಯ ಮಗಳು ಮೆಹನಾಜಳ ಮದುವೆ ನಿಶ್ಚಯವಾಯಿತು. ಗಂಡು ಮುಂಡರಗಿಯವನು. ನಿಕಾಹ ಮರ್ದಾನಸಾಬರ ಮನೆಯಲ್ಲೇ. ಮದುಮಗಳ ಒಪ್ಪಿಗೆ ಕೇಳಿ ಬಂದು ಸಭೆಗೆ ಸಾರುವ ವಕೀಲರೂ ಸೋದರಮಾವನಾದ ಅವರೇ! ಬೀಗರ ಎದುರಿಗೆ, ಜಮಖಾನೆಯ ನಟ್ಟನಡುವೆ ಕೂಡುವ ಗೌರವ ಅದು. ಶೇರ್ವಾನಿ ಆಗಲೇ ಇಸ್ತ್ರಿಯಾಗಿ ಗೂಟಕ್ಕೆ ತೂಗುತ್ತಿತ್ತು. ಮುಂಡರಗಿಯವರ ಮುಂದೆ ತಮ್ಮ ಘನತೆಗೆ ಕೂದಲೆಳೆಯಷ್ಟೂ ಊನ ಬರಬಾರದು ಎಂಬುದರಲ್ಲೇ ಅವರ ಜೀವವಿತ್ತು.

ಮದುವೆಯ ಹಿಂದಿನ ಮಧ್ಯಾಹ್ನ ಕಾಲು ಭುಗಿಲೆಂದಿತು.

“ಏ ಮುಮ್ತಾಜ!”

“ನಿಮ್ಮ ಕಾಲಿಗೆ ಮದರಂಗಿ ಅರದು ಅಡಗಿಮನ್ಯಾಗ ಇಟ್ಟೀನ್ರಿ. ತಂಪ ಆಕ್ಕೈತಿ, ಹಚ್ಚಿಕೊಳ್ರಿ,” ಎಂದಳು ಮುಮ್ತಾಜ ಅಂಗಳದಿಂದ. ಅವಳ ಮುಂದೆ ಸುಲಿಯಬೇಕಾದ ಉಳ್ಳಾಗಡ್ಡಿಯ ಗುಡ್ಡವಿತ್ತು.

ಯಾವುದರಲ್ಲಿ ಇದೆ ಎಂದು ಕೇಳಿದರೆ ಸ್ವಾವಲಂಬನೆಗೆ ಕುಂದಲ್ಲವೇ! ಅಡುಗೆಮನೆಯ ಹೊಸ್ತಿಲು ದಾಟಿ ಯಾವ ಕಾಲವಾಗಿತ್ತೋ, ಮಹಾಶಯರು ದಾಟಿದರು. ಒಳಗೆ ಎರಡು ಪಾತ್ರೆ. ಒಂದು, ಅಂಚು ಸೊಟ್ಟಗಾದ ಅಲ್ಯುಮಿನಿಯಂನ ಜರ್ಮನಿ ಬಟ್ಟಲು. ಇನ್ನೊಂದು, ಹೂವಿನ ಚಿತ್ರದ, ಮುಚ್ಚಳವಿದ್ದ ಪಿಂಗಾಣಿ ಬೋಗುಣಿ. ಅವರು ಕ್ಷಣವೂ ಯೋಚಿಸಲಿಲ್ಲ. ಮನೆಯಲ್ಲಿ ಎರಡಿದ್ದರೆ ಚೆಂದದ್ದು ಯಾರಿಗಾಗಿ ಇರುತ್ತದೆ? ದೊಡ್ಡ ತುಂಡು, ಕೆನೆಮೊಸರು, ಫ್ಯಾನಿನ ಕೆಳಗಿನ ಜಾಗ... ಈ ತರ್ಕ ಇದುವರೆಗೆ ತಪ್ಪಿದ್ದೇ ಇಲ್ಲ!

ಬೋಗುಣಿಯಲ್ಲಿದ್ದದ್ದು ಮದುಮಗಳ ಮದರಂಗಿ. ಕಪ್ಪಗೆ ಕುದಿಸಿದ ಚಹಾ, ನಿಂಬೆರಸ, ಲವಂಗದೆಣ್ಣೆ ಹಾಕಿ ಮುಮ್ತಾಜ ನಸುಕಿನಲ್ಲೆದ್ದು ಅರೆದು ನೆನೆಯಿಟ್ಟಿದ್ದಳು. ಮರ್ದಾನಸಾಬರು ಧಾರಾಳ ಮನಸ್ಸಿನವರು. ಅಂಗಾಲು ಮುಗಿದ ಮೇಲೆ ಉಳಿದದ್ದನ್ನು ಮೇಲ್ಗಾಲಿಗೂ ಬಳಿದು, ಬೀರುವಿನಲ್ಲಿ ಕೈಗೆ ಸಿಕ್ಕ ಬಿಳಿ ಬಟ್ಟೆ ಸುತ್ತಿ, ಮಲಗಿಬಿಟ್ಟರು. ಆ ಬಟ್ಟೆ ಬೀಗರ ಊಟಕ್ಕೆ ಹಾಸಲೆಂದು ಒಗೆದಿಟ್ಟ ದಸ್ತರಖಾನು!

ಇಳಿಹೊತ್ತಿಗೆ ಮದುಮಗಳನ್ನು ನಡುವೆ ಕೂಡಿಸಿ ಹೆಂಗಸರು ಹಾಡು ಹಚ್ಚಿದರು. ಬೋಗುಣಿಯ ಮುಚ್ಚಳ ತೆಗೆದರು. ಹಾಡು ನಿಂತಿತು.

ನೆಲದ ಮೇಲೆ ಹಸಿರು ಹನಿಗಳ ಸಾಲು. ಮುಮ್ತಾಜ ಅದರ ಬೆನ್ನುಹತ್ತಿ ಮಂಚದವರೆಗೆ ಬಂದಳು, ಬಟ್ಟೆ ಬಿಚ್ಚಿದಳು, ಒಣಗಿದ್ದನ್ನು ಉದುರಿಸಿದಳು. ಅಬ್ಬಾ, ಏನು ಬಣ್ಣ! ದಾಳಿಂಬೆ ನಾಚಬೇಕು!

“ಏನ್ರೀ, ನಾಳೆ ನಿಕಾಹ ನಿಮ್ಮದೇನ್ರಿ?”

ಮರ್ದಾನಸಾಬರು ಕಣ್ಣು ಬಿಟ್ಟರು. “ನೀನ ಹೇಳಿದೆಲ್ಲ, ಹಚ್ಚಿಕೊಳ್ರಿ ಅಂತ!”

“ನಿಮ್ಮದು ಜರ್ಮನಿ ಬಟ್ಟಲದಾಗ ಇತ್ರಿ.”

“ಆ ಸೊಟ್ಟ ಬಟ್ಟಲದಾಗ? ನಾಯಿಗೆ ಇಟ್ಟಂಗ ಕಂಡಿತು ನನಗ!”

“ದಿನಾ ನಾ ಉಣ್ಣೂದು ಅದರಾಗನ.”

ಲಾಲಬಿ ಹಣೆ ಬಡಿದುಕೊಂಡಳು. ಪೇಟೆಯಿಂದ ಮದರಂಗಿ ಕೋನು ತರಿಸಿ ಹಚ್ಚಿದರೆ ಮದುಮಗಳ ಕೈ ನೀರುಚಹಾದ ಬಣ್ಣಕ್ಕೆ ತಿರುಗಿತು. “ಮದರಂಗಿ ರಂಗೇರಿದಷ್ಟು ಅತ್ತಿಮನ್ಯಾಗ ಪ್ರೀತಿ ಅಂತಾರ. ನನ್ನ ಬದಲಿ ಮಾಮೂನ್ನ ಕಳಸ್ರಿ!” ಎಂದಳು ಮೆಹನಾಜ.

ಮರ್ದಾನಸಾಬರು ಸೋಪು ತಿಕ್ಕಿದರು, ನಿಂಬೆ ಉಜ್ಜಿದರು. ಕಾಲು ಇನ್ನಷ್ಟು ಹೊಳೆಯಿತು.

ಮರುದಿನ, ಕಾಗೆಯೂ ನೆರಳು ಹುಡುಕುವ ಬಿಸಿಲಿನಲ್ಲಿ, ವಕೀಲರು ಉಣ್ಣೆಯ ಕಾಲುಚೀಲ ತೊಟ್ಟು ಸಭೆಗೆ ಬಂದರು. ಒಪ್ಪಿಗೆ ಕೇಳಿ ಬಂದರು, ಸಾರಿದರು, ಕುಳಿತರು. ಖಾಜಿಯವರು ದುವಾ ಶುರು ಮಾಡಿದರು. ಚೀಲದೊಳಗೆ ಉರಿಯೂ ಶುರುವಾಯಿತು. ದುವಾ ಬೆಳೆಯಿತು, ಉರಿಯೂ ಬೆಳೆಯಿತು. ಬೆರಳುಗಳು ಕಡಲೆಯಂತೆ ಹುರಿದುಹೋದವು. ಖಾಜಿಯವರು ಹುಡುಗನ ವಂಶ ಮುಗಿಸಿ ಹುಡುಗಿಯ ವಂಶಕ್ಕೆ ಬರುವಷ್ಟರಲ್ಲಿ ಘನತೆ ಸೋತಿತು. ಮರ್ದಾನಸಾಬರು ಎರಡೂ ಚೀಲ ಕಿತ್ತೆಸೆದರು!

‘ಆಮೀನ್’ ಎನ್ನಬೇಕಾದ ಸಭೆ ಬಾಯಿ ತೆರೆದು ಕುಳಿತಿತು. ಹುಡುಗನ ತಂದೆ ನಜೀರಸಾಬರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಆ ಕಾಲುಗಳನ್ನು ನೋಡಿದರು.

“ಮರ್ದಾನಸಾಬ್ರ, ನಿಮಗೂ ಕಾಲುರಿ ಐತೇನ್ರಿ?”

ಹೋದ ಜೀವ ಬಂತು! “ಐತ್ರಿ, ಸಾಹೇಬ್ರ. ಇದು ಇಲಾಜ್ರಿ, ಇಲಾಜು!”

“ತಂಪ ಅನಸ್ತೈತೇನ್ರಿ?”

“ಬರ್ಫ, ಸಾಹೇಬ್ರ, ಬರ್ಫ!”

“ಯಾರ ಅರದು ಕೊಟ್ರು?”

ಒಂದೇ ಒಂದು ಹೆಸರು ಹೇಳಿದ್ದರೆ ಆಗಿತ್ತು. ಆ ಹೆಸರಿನವಳು ಪರದೆಯ ಆಚೆಗೇ ನಿಂತಿದ್ದಳು. ಆದರೆ ಬೀಗರ ಮುಂದೆ ಎದೆ ತಾನಾಗಿಯೇ ಉಬ್ಬಿತು. “ಯಾರಿಗ್ಯಾಕ ತ್ರಾಸ ಕೊಡೂದ್ರಿ? ನಾನ ಅರೀತೀನಿ, ನಾನ ಹಚ್ಕೋತೀನಿ!”

“ಶಾಬಾಸ್!” ನಜೀರಸಾಬರು ತೊಡೆ ತಟ್ಟಿದರು. “ನಮ್ಮ ಮನ್ಯಾಗ ಅರಿಯಾಕ ಹೇಳಿದ್ರ ರಟ್ಟಿ ನೋವು ಅಂತಾರ. ಮುಂಡರಗಿಯಿಂದ ಬಂದವರಾಗ ಕಾಲುರಿಯವರು ಬಾಳ ಮಂದಿ ಅದೀವ್ರಿ. ಊಟ ಮಾಡಿ ಬಿಸಲ ಇಳಿಯೂತನಕ ಕುಂಡ್ರೂದ ಐತಿ. ನಮಗೂ ಒಂದೀಟು ಅರದು ಕೊಡ್ರಲ್ಲ!”

ಹೆಣ್ಣಿನ ಕಡೆಯವರು ಬೀಗರಿಗೆ ಇಲ್ಲ ಎನ್ನುವುದುಂಟೇ? ಮರ್ದಾನಸಾಬರು ಪರದೆಯತ್ತ ದೀನವಾಗಿ ನೋಡಿದರು. ಪರದೆ ಸರಿಯಿತು. ಅರೆಯುವ ಕಲ್ಲು ನೆಲದ ಮೇಲೆ ಕಿರುಗುಟ್ಟುತ್ತ ಈಚೆಗೆ ಬಂತು.

“ಸೊಪ್ಪು ಹಿತ್ತಲದಾಗ ಐತ್ರಿ,” ಎಂದಳು ಮುಮ್ತಾಜ. “ನಾ ಉಣ್ಣಾಕ ಕುಂದರತೀನಿ.”

ಕುಳಿತಳು ಕೂಡ. ಆ ಮನೆಯ ಮದುವೆಯೊಂದರಲ್ಲಿ, ಎಂದೂ ಇಲ್ಲದಂತೆ, ಮನೆಯೊಡತಿ ಮೊದಲ ಪಂಕ್ತಿಗೆ ಕುಳಿತು, ಹಬೆಯಾಡುವ ಬಿರಿಯಾನಿ ಉಂಡಳು. ಎರಡನೇ ಸಲ ನೀಡಿಸಿಕೊಂಡಳು.

ಚಪ್ಪರದ ನೆರಳಿನಲ್ಲಿ ಮುಂಡರಗಿಯ ಪಾದಗಳು ಸಾಲಾಗಿ ಚಾಚಿಕೊಂಡಿದ್ದವು. ಶೇರ್ವಾನಿಯ ತೋಳು ಮಡಚಿ, ಬೆವರು ಸುರಿಸುತ್ತ, ಮರ್ದಾನಸಾಬರು ಅರೆಯುತ್ತಿದ್ದರು. ನಜೀರಸಾಬರು ದಿಂಬಿಗೆ ಒರಗಿದಲ್ಲಿಂದಲೇ ಕೈ ಚಾಚಿ, ಒಂದು ಚಿಟಿಕೆ ತೆಗೆದು, ಬೆರಳ ನಡುವೆ ಹೊಸಕಿ ನೋಡಿದರು.

“ಯಾಕೋ ಇನ್ನೂ ತರಿತರಿ ಐತಲ್ರಿ. ಇನ್ನೊಂದೀಟು ಅರೀರಿ, ಮರ್ದಾನಸಾಬ್ರ. ಆರಾಮ ಅರೀರಿ. ನಮಗೇನ ಗಡಬಡಿ ಇಲ್ಲ.”