ಪೆದ್ದಣ್ಣನ ಕಾಮೆಂಟು

ಪರ್ವತಯ್ಯ: ಅಳಿಸ್‌ಬ್ಯಾಡ ಅಂದ್ರೆ ಅಳಿಸ್‌ಬ್ಯಾಡ ಕಣಮ್ಮ!

ಜ್ಯೋತಿಲಕ್ಷ್ಮಿ: ಅಳಿಸ್ಲೇಬೇಕು ಯಜಮಾನ್ರೇ. ಅದು ಅಲ್ಲಿರಬಾರ್ದು.

ಪರ್ವತಯ್ಯ: ಪೇಜು ನಂದು. ಗಾಣ ನಂದು. ಅಲ್ಲಿ ಏನಿರ್ಬೇಕು ಅಂತ ನಾನು ಹೇಳ್ತೀನಿ.

ಜ್ಯೋತಿಲಕ್ಷ್ಮಿ: ಮೂರು ತಿಂಗಳಿಂದ ಆ ಪೇಜು ನೋಡ್ಕೊಳ್ತಿರೋಳು ನಾನು.

ಪರ್ವತಯ್ಯ: ನೋಡ್ಕೊ. ಬ್ಯಾಡ ಅಂದೋರ್ಯಾರು? ನೋಡ್ಕೊಂಡು ಸುಮ್ನಿರು.

ಮಧುಗಿರಿ ಬಸ್ ನಿಲ್ದಾಣದ ಹಿಂದೆ, ಝೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಜ್ಯೋತಿಲಕ್ಷ್ಮಿಯ ಆಫೀಸು. ‘ಸಣ್ಣ ವ್ಯಾಪಾರಿಗಳಿಗೆ ಸೋಷಿಯಲ್ ಮೀಡಿಯಾ ತರಬೇತಿ ಮತ್ತು ನಿರ್ವಹಣೆ’ ಎಂಬ ಬೋರ್ಡು, ಒಂದು ಮೇಜು, ಎರಡು ಕುರ್ಚಿ. ಗೊರವನಹಳ್ಳಿಯ ಬಳೆ ಅಂಗಡಿ, ಕೊರಟಗೆರೆಯ ಬ್ಯೂಟಿ ಪಾರ್ಲರು, ಶಿರಾದ ಹಾಸಿಗೆ ಅಂಗಡಿ, ಹೀಗೆ ಒಂಬತ್ತು ಜನರ ಪೇಜುಗಳು ಅವಳ ಒಂದೇ ಫೋನಿನಲ್ಲಿದ್ದವು. ಅವುಗಳಲ್ಲಿ ‘ಪರ್ವತಯ್ಯ ಮರದ ಗಾಣ, ಮಧುಗಿರಿ’ಯೂ ಒಂದು. ಕಡಲೆಕಾಯಿ ಎಣ್ಣೆ ಅವನ ವ್ಯಾಪಾರ. ಐವತ್ತೈದು ವಯಸ್ಸಿನ ಪರ್ವತಯ್ಯ ಈ ದಿನ ಆಫೀಸಿನ ಬೀಗ ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ.

ಜ್ಯೋತಿಲಕ್ಷ್ಮಿ: ಯಜಮಾನ್ರೇ, ಮೊನ್ನೆವರೆಗೂ ‘ಆ ಪೆದ್ದಣ್ಣನ ಹೆಸರು ನನ್ನ ಪೇಜಲ್ಲಿ ಕಾಣ್‌ಬಾರ್ದು’ ಅಂತಿದ್ದೋರು ನೀವೇ.

ಪರ್ವತಯ್ಯ: ಅದು ಮೊನ್ನೆ. ಈಗ ಅವ್ನೇ ಬಂದು ಬರ್ದವ್ನೆ. ಓದು ಇನ್ನೊಂದ್ಸಲ.

ಜ್ಯೋತಿಲಕ್ಷ್ಮಿ: ಆಗ್ಲೇ ಎರಡು ಸಲ ಓದಿದೀನಿ.

ಪರ್ವತಯ್ಯ: ನಾನು ಹನ್ನೊಂದು ಸಲ ಓದಿದೀನಿ. ನನ್ನ ಹೆಂಡ್ತಿ ಇಂದ್ರಮ್ಮಂಗೂ ಓದಿ ಹೇಳ್ದೆ. ‘ನಿಮ್ಮಣ್ಣಂಗೆ ಮೈಗೇನಾರ ಹುಷಾರಿಲ್ವಾ?’ ಅಂದ್ಲು.

ಜ್ಯೋತಿಲಕ್ಷ್ಮಿ ಫೋನು ತೆಗೆದು ಓದಿದಳು. ಹಿಂದಿನ ದಿನ ಶಿರಾದ ಅಮೀರುನ್ನೀಸಾ ಎಂಬುವರು ಪರ್ವತಯ್ಯನ ಪೇಜಿನಲ್ಲಿ, ‘ಮಗಳ ಮದುವೆಗೆ ಎಣ್ಣೆ ಬೇಕು, ಕಲಬೆರಕೆ ಇಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?’ ಎಂದು ಕೇಳಿದ್ದರು. ಅದರ ಕೆಳಗೆ ‘ಪೆದ್ದಣ್ಣ ಮರದ ಗಾಣ, ಪಾವಗಡ’ ಎಂಬ ಹೆಸರಿನಲ್ಲಿ ಉತ್ತರವಿತ್ತು: ‘ಕಣ್ಣು ಮುಚ್ಚಿ ತಗೊಳ್ಳಿ. ಕಲಬೆರಕೆ ಅನ್ನೋದು ಈ ಗಾಣಕ್ಕೆ ಗೊತ್ತಿಲ್ಲ. ನಮ್ಮ ತಂದೆಯವರ ಕಾಲದಿಂದಲೂ ಅಷ್ಟೇ.’

ಪೆದ್ದಣ್ಣ ಪರ್ವತಯ್ಯನ ಸ್ವಂತ ಅಣ್ಣ. ಆರು ವರ್ಷದ ಹಿಂದೆ ಅಪ್ಪನ ತಿಥಿಯ ದಿನ, ಎಲೆಯ ಮುಂದೆ ಕೂತ ನೆಂಟರೆಲ್ಲ ಕೇಳುವಂತೆ, ಪರ್ವತಯ್ಯ ತೆಗೆದ ಎಣ್ಣೆಯಲ್ಲಿ ಕರಿದ ಒಂದು ವಡೆ ಮುರಿದು ಬಾಯಿಗಿಟ್ಟು, ‘ಇದು ನಮ್ಮ ಗಾಣದ ಎಣ್ಣೆ ಅಲ್ಲ, ಬೆರಕೆ’ ಎಂದುಬಿಟ್ಟಿದ್ದ. ಪರ್ವತಯ್ಯ ಎಲೆ ಬಿಟ್ಟು ಎದ್ದವನು ಮತ್ತೆ ಮಾತಾಡಿರಲಿಲ್ಲ. ಪೆದ್ದಣ್ಣ ಹೆಂಡತಿಯ ಊರಾದ ಪಾವಗಡಕ್ಕೆ ಹೋಗಿ ಬೇರೆ ಗಾಣ ಹಾಕಿಕೊಂಡಿದ್ದ.

ಪರ್ವತಯ್ಯ: ಅವ್ನ ಅಣ್ಣ ಅಂತ ಕರೆಯಾಕಿಲ್ಲ ಅಂತ ಆವತ್ತೇ ಆಣೆ ಮಾಡ್ದೆ. ಆರು ವರ್ಸ ಬರೀ ಹೆಸರು ಹಿಡ್ದೇ ಕರ್ದಿದೀನಿ. ಪೆದ್ದಣ್ಣ!

ಜ್ಯೋತಿಲಕ್ಷ್ಮಿ: ಹೆಸರಲ್ಲೇ ಅಣ್ಣ ಇದೆಯಲ್ಲ ಯಜಮಾನ್ರೇ.

ಪರ್ವತಯ್ಯ: ಅದು ನಮ್ಮಪ್ಪ ಮಾಡಿದ್ ತಪ್ಪು.

ಜ್ಯೋತಿಲಕ್ಷ್ಮಿ: ಈಗ ಏನ್ ಮಾಡ್ಬೇಕು ಅಂತೀರಿ?

ಪರ್ವತಯ್ಯ: ಮಾಡೋದೇನು? ಹನ್ನೊಂದು ಗಂಟೆ ಬಸ್ಸಿಗೆ ಪಾವಗಡಕ್ಕೋಗಿ ಅವ್ನ ಮುಂದೆ ನಿಂತ್ಕೋತೀನಿ. ಊರೆಲ್ಲ ನೋಡೋ ಜಾಗದಲ್ಲಿ ಬರ್ದವ್ನೆ. ನಾನು ಇಲ್ಲೇ ಕೂತಿದ್ರೆ ಮನುಷ್ಯನಾ?

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಜ್ಯೋತಿಲಕ್ಷ್ಮಿಯೂ ಎದ್ದಳು.

ಜ್ಯೋತಿಲಕ್ಷ್ಮಿ: ಹೋಗ್ಬೇಡಿ. ಅದನ್ನ ಅವರು ಬರೆದಿಲ್ಲ.

ಪರ್ವತಯ್ಯ: ಹೆಸರೈತಲ್ಲಮ್ಮ.

ಜ್ಯೋತಿಲಕ್ಷ್ಮಿ: ಹೆಸರು ಅವರದ್ದು. ಬರೆದೋಳು ನಾನು.

ಪರ್ವತಯ್ಯ: ನೀನು ಬರೆದ್ರೆ ನನ್ನ ಹೆಸರು ತಾನೇ ಬರ್ಬೇಕು?

ಜ್ಯೋತಿಲಕ್ಷ್ಮಿ: ಅವರ ಪೇಜೂ ನಾನೇ ನೋಡ್ಕೊಳ್ಳೋದು. ನಿಮ್ಮ ಕೆಲ್ಸ ಸೋಮವಾರ, ಅವರದ್ದು ಮಂಗಳವಾರ. ನಿನ್ನೆ ಪಾವಗಡದಿಂದ ಬರೋ ಬಸ್ಸಲ್ಲಿ ಕೂತು ಶಿರಾದೋರಿಗೆ ಉತ್ತರ ಬರೆದೆ. ಅವರ ಪೇಜಿಂದ ನಿಮ್ಮ ಪೇಜಿಗೆ ಬದಲಾಯಿಸ್ಕೊಳ್ಳೋದು ಮರೆತೆ.

ಪರ್ವತಯ್ಯ ಮತ್ತೆ ಕುರ್ಚಿಯಲ್ಲಿ ಕೂತ. ಕೆಳಗೆ ಝೆರಾಕ್ಸ್ ಯಂತ್ರ ಯಾರದೋ ಆಧಾರ್ ಕಾರ್ಡಿನ ಪ್ರತಿ ತೆಗೆಯುತ್ತಿತ್ತು.

ಪರ್ವತಯ್ಯ: ಅಂಗಾದ್ರೆ ಯುಗಾದಿಗೆ ‘ಮೂಲ ಗಾಣ ಒಂದೇ, ನಕಲು ನೂರು’ ಅಂತ ಅವ್ನಿಗೆ ಕುಟುಕೋ ಅಂಗೆ ಬರ್ಸಿದ್ನಲ್ಲ?

ಜ್ಯೋತಿಲಕ್ಷ್ಮಿ: ನಾನೇ ಬರೆದೆ.

ಪರ್ವತಯ್ಯ: ಅದ್ಕೆ ಅವ್ನು ‘ಗಾಣ ಹಳೇದಾದ್ರೆ ಸಾಲ್ದು, ಸುತ್ತೋ ಎತ್ತಿಗೂ ಬುದ್ಧಿ ಇರ್ಬೇಕು’ ಅಂತ ಹಾಕಿದ್ದು?

ಜ್ಯೋತಿಲಕ್ಷ್ಮಿ: ಅದೂ ನಾನೇ.

ಪರ್ವತಯ್ಯ: ಎರಡು ದಿನ ಊಟ ಸೇರ್ಲಿಲ್ಲ ನಂಗೆ.

ಜ್ಯೋತಿಲಕ್ಷ್ಮಿ: ಬರೆಯೋವಾಗ ನನಗೂ ಬೇಜಾರಾಯ್ತು.

ಪರ್ವತಯ್ಯ: ಎತ್ತು ಅಂತ ಅವ್ನು ಹೇಳಿದ್ನಾ, ನೀನೇ ಸೇರ್ಸಿದ್ದಾ?

ಜ್ಯೋತಿಲಕ್ಷ್ಮಿ: ಅವರು ಕೋಣ ಅಂದಿದ್ರು. ನಾನು ಎತ್ತು ಮಾಡ್ದೆ.

ಪರ್ವತಯ್ಯ: ಒಳ್ಳೇದ್ ಮಾಡ್ದೆ.

ಪರ್ವತಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಬಿಸಿಲಿನ್ನೂ ಏರಿರಲಿಲ್ಲ.

ಜ್ಯೋತಿಲಕ್ಷ್ಮಿ: ನನ್ನ ತಪ್ಪು ಯಜಮಾನ್ರೇ. ಇನ್ಮೇಲೆ ನಿಮ್ಮ ಪೇಜು ಬೇರೆ ಯಾರಾದ್ರೂ ನೋಡ್ಕೊಳ್ಳಲಿ ಅಂದ್ರೂ ನಾನು ಬೇಡ ಅನ್ನಲ್ಲ.

ಪರ್ವತಯ್ಯ: ಅದಿರ್ಲಿ ಬುಡು. ಅಳಿಸ್ಬುಡು ಅದನ್ನ.

ಜ್ಯೋತಿಲಕ್ಷ್ಮಿ: ಈಗಲೇನಾ?

ಪರ್ವತಯ್ಯ: ಈಗಲೇ. ಇಂದ್ರಮ್ಮಂಗೆ ಏನಾದ್ರೂ ಹೇಳ್ಕೋತೀನಿ. ಹುಷಾರಿಲ್ಲ ಅಂತಾನೇ ಹೇಳ್ತೀನಿ.

ಅವಳು ಕಾಮೆಂಟನ್ನು ತೆರೆದಳು. ಅಳಿಸಲು ಹೋದ ಬೆರಳು ಹಾಗೇ ನಿಂತಿತು.

ಪರ್ವತಯ್ಯ: ಹೋಯ್ತಾ?

ಜ್ಯೋತಿಲಕ್ಷ್ಮಿ: ಇಲ್ಲ. ಉದ್ದ ಆಗಿದೆ.

ಪರ್ವತಯ್ಯ: ಏನು ಉದ್ದ ಆಗಿರೋದು?

ಜ್ಯೋತಿಲಕ್ಷ್ಮಿ: ಕಾಮೆಂಟು. ನಾನು ಮೂರು ಸಾಲು ಬರೆದಿದ್ದೆ. ಈಗ ಐದಿದೆ. ತಿದ್ದಲಾಗಿದೆ ಅಂತ ತೋರಿಸ್ತಿದೆ. ನಾಲ್ಕು ನಿಮಿಷದ ಹಿಂದೆ.

ಪರ್ವತಯ್ಯ: ಓದು.

ಜ್ಯೋತಿಲಕ್ಷ್ಮಿ: ‘ತಿತಿ ದಿನ ನಾನು ಅಂದಿದ್ದು ತಪ್ಪು. ನನ್ನ ತಂಮ ಮೋಸ ಮಾಡೋನಲ್ಲ.’

ಪರ್ವತಯ್ಯ: ನೋಡಮ್ಮ ಜ್ಯೋತಿ, ಒಂದ್ಸಲ ಮರ್ತೆ ಅಂದೆ, ಒಪ್ಕೊಂಡೆ. ನನ್ನ ಸಮಾಧಾನಕ್ಕೆ ಅಂತ ಈಗ ಇದ್ನೂ ನೀನೇ ಸೇರ್ಸಿದ್ರೆ ಸರಿಹೋಗಾಕಿಲ್ಲ.

ಜ್ಯೋತಿಲಕ್ಷ್ಮಿ: ನಾನು ನಿಮ್ಮೆದುರಿಗೇ ಕೂತಿದೀನಲ್ಲ ಯಜಮಾನ್ರೇ. ಅವರ ಫೋನಲ್ಲೂ ಅವರ ಪೇಜಿದೆ. ಬರೆದಿದ್ದನ್ನ ತಿದ್ದೋದು ಹೆಂಗೆ ಅಂತ ನಿನ್ನೆ ತಾನೇ ಹೇಳ್ಕೊಟ್ಟು ಬಂದೆ. ಅವರು ನಿರ್ವಹಣೆ ಜತೆ ತರಬೇತೀನೂ ತಗೊಂಡಿದಾರೆ.

ಪರ್ವತಯ್ಯ: ಕೊಡಿಲ್ಲಿ.

ಅವನು ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡಿದ. ಓದಲು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹೊತ್ತು ನೋಡಿದ.

ಪರ್ವತಯ್ಯ: ‘ತಂಮ’ ಅಂತ ಬರ್ದವ್ನೆ.

ಜ್ಯೋತಿಲಕ್ಷ್ಮಿ: ಹೌದು, ಮಗೆ ಮ ಒತ್ತು ಕೊಡ್ಬೇಕಿತ್ತು.

ಪರ್ವತಯ್ಯ: ಕೊಡಾಕಿಲ್ಲ ಅವ್ನು. ಮೂರನೇ ಕ್ಲಾಸಲ್ಲಿ ಮೇಷ್ಟ್ರು ಬೆತ್ತದಲ್ಲಿ ಬಿಗಿದ್ರೂ ಕೊಡ್ಲಿಲ್ಲ. ನನ್ನ ಮದ್ವೆ ಲಗ್ನಪತ್ರಿಕೆ ಬರೆದೋನೂ ಅವ್ನೇ. ಅದ್ರಲ್ಲೂ ನಾನು ಅವ್ನಿಗೆ ತಂಮನೇ.

ಜ್ಯೋತಿಲಕ್ಷ್ಮಿ: ಹಂಗಾದ್ರೆ ಉತ್ತರ ಏನು ಬರೀಲಿ?

ಪರ್ವತಯ್ಯ: ನೀನು ಬರೀಬ್ಯಾಡ.

ಜ್ಯೋತಿಲಕ್ಷ್ಮಿ: ಚೆನ್ನಾಗಿ ಬರೀತೀನಿ ಯಜಮಾನ್ರೇ. ‘ರಕ್ತ ಸಂಬಂಧ ಎಣ್ಣೆಗಿಂತ ಗಟ್ಟಿ’ ಅಂತ...

ಪರ್ವತಯ್ಯ: ಬ್ಯಾಡ ಅಂದೆ. ‘ಅ’ ಅಕ್ಷರ ಎಲ್ಲೈತೆ, ಅಷ್ಟು ತೋರ್ಸು.

ಜ್ಯೋತಿಲಕ್ಷ್ಮಿ ಈ ಸಲ ಪೇಜು ಸರಿಯಾಗಿದೆಯೇ ಎಂದು ಎರಡು ಬಾರಿ ನೋಡಿ ಫೋನು ಕೊಟ್ಟಳು. ಪರ್ವತಯ್ಯ ತೋರುಬೆರಳೊಂದರಲ್ಲೇ ಒತ್ತತೊಡಗಿದ. ಕಾಲು ಗಂಟೆ ಹಿಡಿಯಿತು. ಮುಗಿಸಿದಾಗ ಪರದೆಯ ಮೇಲೆ ಇದ್ದದ್ದು ಇಷ್ಟೇ: ‘ಅಣ್ಣಯ್ಯ ಊಟ ಆಯ್ತಾ’.

ಜ್ಯೋತಿಲಕ್ಷ್ಮಿ: ಆರು ವರ್ಷ ಆದ್ಮೇಲೆ ಬರೆಯೋದು ಇದಾ?

ಪರ್ವತಯ್ಯ: ಮತ್ತೇನು ಬರೀತಾರೆ?

ಎರಡು ನಿಮಿಷದಲ್ಲಿ ಅವಳ ಫೋನು ಬಡಿದುಕೊಂಡಿತು. ಪಾವಗಡದಿಂದ ಪೆದ್ದಣ್ಣ. ಅವಳು ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

ಪೆದ್ದಣ್ಣ: ಏಮ್ಮಾ ಜ್ಯೋತಿ! ‘ಅಣ್ಣಯ್ಯ ಊಟ ಆಯ್ತಾ’ ಅಂತ ಬಂದೈತೆ. ನಿಜ ಹೇಳು, ಇದು ನೀನು ಬರ್ದಿದ್ದಾ, ಅವ್ನೇ ಬರ್ದಿದ್ದಾ?

ಜ್ಯೋತಿಲಕ್ಷ್ಮಿ: ಅವರೇ ಬರೆದಿದ್ದು ಯಜಮಾನ್ರೇ.

ಪೆದ್ದಣ್ಣ: ಹೆಂಗ್ ನಂಬ್ಲಿ? ಅವ್ನ ಪೇಜೂ ನಿನ್ನ ಕೈಲೇ ಐತೆ ಅಂತ ಈಗ ಗೊತ್ತಾಯ್ತು, ನಿನ್ನೆ ನೀನು ಅಲ್ಲಿ ನನ್ನ ಹೆಸರಲ್ಲಿ ಬರ್ದು ಹಾಕ್ದೆ. ಬೆಳಿಗ್ಗೆ ನೋಡ್ದೆ, ಎದೆ ಧಸಕ್ ಅಂತು. ಅಳಿಸಾಕೆ ಅಂತ ಕೂತ್ಕೊಂಡೆ.

ಜ್ಯೋತಿಲಕ್ಷ್ಮಿ: ಮತ್ತೆ ಯಾಕೆ ಅಳಿಸ್ಲಿಲ್ಲ?

ಪೆದ್ದಣ್ಣ: ಅಳಿಸಿದ್ರೆ ಏನರ್ಥ ಬತ್ತೈತೆ? ‘ಕಲಬೆರಕೆ ಇಲ್ಲ ಅಂದಿದ್ನಲ್ಲ, ಅದು ಸುಳ್ಳು’ ಅಂತ ಆಯ್ತದೆ. ಎರಡನೇ ಸಲ ಅಂದಂಗಾಯ್ತದೆ. ನಂಗೆ ಆಗ್ಲಿಲ್ಲಮ್ಮ. ಅವತ್ತೂ ಆ ವಡೇಲಿ ಏನೂ ಇರ್ಲಿಲ್ಲ. ಎಣ್ಣೆ ಚೆನ್ನಾಗೇ ಇತ್ತು.

ಪರ್ವತಯ್ಯ ಫೋನಿನ ಕಡೆ ಬಗ್ಗಿದ.

ಪರ್ವತಯ್ಯ: ಮತ್ಯಾಕೆ ಅಂಗಂದೆ?

ಆ ಕಡೆ ಗಾಣದ ಮೋಟರು ಓಡುತ್ತಿತ್ತು. ಯಾರೋ ಅದನ್ನು ಆರಿಸಿದರು.

ಪೆದ್ದಣ್ಣ: ಎಲ್ರೂ ನಿನ್ನೇ ಹೊಗಳ್ತಿದ್ರು ಕಣ್ಲಾ. ‘ಅಪ್ಪನ ಕೈಗುಣ ಚಿಕ್ಕೋನಿಗೇ ಬಂತು’ ಅಂತ. ತಡ್ಕೊಳ್ಳಾಕಾಗ್ಲಿಲ್ಲ.

ಪರ್ವತಯ್ಯ: ಅಷ್ಟೇನಾ?

ಪೆದ್ದಣ್ಣ: ಅಷ್ಟೇ. ಹೇಳಾಕೆ ಆರು ವರ್ಸ ಬೇಕಾಯ್ತು.

ಪರ್ವತಯ್ಯ: ಊಟ ಆಯ್ತಾ ಅಂತ ಕೇಳಿದ್ದೆ.

ಪೆದ್ದಣ್ಣ: ಹತ್ತು ಗಂಟೆಗೆ ಯಾವ ಊಟನೋ? ಒಂದೂವರೆಗೆ ಬಂದ್ರೆ ಹುರುಳಿಕಾಳು ಸಾರೈತೆ.

ಪರ್ವತಯ್ಯ: ವಡೆ ಮಾಡಿಸ್‌ಬ್ಯಾಡ.

ಪೆದ್ದಣ್ಣ: ಮಾಡಿಸ್ತೀನಿ. ಎಣ್ಣೆ ನೀನೇ ತಗೊಂಬಾ.

ಫೋನು ಕಟ್ಟಾಯಿತು. ಪರ್ವತಯ್ಯ ಹೊರಟು ಬಾಗಿಲವರೆಗೆ ಹೋದ. ಜ್ಯೋತಿಲಕ್ಷ್ಮಿ ಬ್ಯಾಗು ಹೆಗಲಿಗೇರಿಸಿ ಬೀಗ ಹುಡುಕುತ್ತಿದ್ದಳು.

ಪರ್ವತಯ್ಯ: ನೀನೆಲ್ಲಿಗೆ?

ಜ್ಯೋತಿಲಕ್ಷ್ಮಿ: ಪಾವಗಡಕ್ಕೆ. ಅಣ್ಣ ತಮ್ಮ ಒಂದಾಗೋ ವಿಡಿಯೋ ಯಜಮಾನ್ರೇ! ಒಂದೇ ಶೂಟಿಂಗು, ಎರಡೂ ಪೇಜಿಗೆ ಆಗುತ್ತೆ. ಜನ ಮುಗಿಬಿದ್ದು ನೋಡ್ತಾರೆ.

ಪರ್ವತಯ್ಯ: ಬ್ಯಾಡ ಕಣಮ್ಮ. ಅವ್ನ ಮುಖ ನೋಡಿದ್ ತಕ್ಷಣ ನಾನು ಅತ್ಬುಡ್ತೀನಿ. ನಾನು ಅತ್ರೆ ನೋಡಾಕಾಗಲ್ಲ.

ಜ್ಯೋತಿಲಕ್ಷ್ಮಿ: ಅದಕ್ಕೇನು, ಫಿಲ್ಟರ್ ಹಾಕ್ತೀನಿ.

ಪರ್ವತಯ್ಯ: ಗಾಣದೋರು ಕಣಮ್ಮ ನಾವು. ಫಿಲ್ಟರ್ ಮಾಡಿದ್ದನ್ನ ಗಿರಾಕಿಗೆ ಕೊಡಾಕಿಲ್ಲ.