ಸೋಫಾ ಬಿಟ್ಟೇಳದ ಭಾನುವಾರ

“ಕೇಳಿ ಎಲ್ಲರೂ! ಈ ಬೇಸಿಗೆಯಲ್ಲಿ ಐಸ್‌ಕ್ರೀಮು, ತಂಪು ಪಾನೀಯ, ಸಿನಿಮಾ, ಪ್ರವಾಸ ಅಂತ ಬೀರುವಿನಿಂದ ಬಿಡಿಗಾಸೂ ಹೊರಗೆ ಬರಲ್ಲ. ಆದ್ರೂ ಈ ಮನೇಲಿ ಯಾರಿಗೂ ಸೆಕೆ ಆಗಲ್ಲ, ಯಾರಿಗೂ ಬೇಜಾರಾಗಲ್ಲ!”

ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು ನಾನು ಹೊರಡಿಸಿದ ಆಜ್ಞೆ ಇದು. ಕೇಳಿಸಿಕೊಂಡ ಪ್ರಜೆಗಳು ಮೂವರು: ನನ್ನ ಗಂಡ, ಅತ್ತೆ ಮತ್ತು ಮಗಳು ಪುಟ್ಟಿ. ಮೂವರೂ ಫ್ಯಾನಿನ ಕೆಳಗೆ ಅಂಗಾತ ಬಿದ್ದಿದ್ದರು. ನಮ್ಮ ಫ್ಯಾನು ಗಾಳಿ ಬೀಸುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಒಂದು ಮೂಲೆಯ ಸೆಕೆಯನ್ನು ಇನ್ನೊಂದು ಮೂಲೆಗೆ ಸಾಗಿಸುತ್ತಿತ್ತು, ಅಷ್ಟೆ.

“ಅಂದ್ರೆ ಬೇಸಿಗೇನೇ ರದ್ದು ಮಾಡಿಬಿಟ್ಯಾ?” ಎಂದರು ನನ್ನವರು, ಕಣ್ಣು ತೆರೆಯದೆ.

“ನಗಬೇಡಿ. ಶಾಲೆ ಶುರುವಾಗೋ ತನಕ ಮಾಡಿ ತೋರಿಸ್ತೀನಿ.”

“ತೋರಿಸದೇ ಹೋದ್ರೆ?”

“ಬೀರು ಕೀಲಿ ನಿಮ್ಮ ಕೈಗೆ!”

ನನ್ನವರು ಥಟ್ಟನೆ ಎದ್ದು ಕೂತರು.

ಈ ಕೀಲಿಯ ಮಹಿಮೆಯನ್ನು ಓದುಗರಿಗೆ ತಿಳಿಸಲೇಬೇಕು. ನಾನು ಎಂ.ಕಾಂ. ನಮ್ಮ ಮನೆತನದಲ್ಲಿ ಪದವಿಯ ಕಪ್ಪು ಗೌನು ತೊಟ್ಟವಳು ನಾನೊಬ್ಬಳೇ. ವಿಮಾ ಕಚೇರಿಯಲ್ಲಿ ಊರಿನವರ ಲೆಕ್ಕವನ್ನೆಲ್ಲ ನೋಡುವವಳು. ನನ್ನವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು, ರಜೆಯಲ್ಲಿ ಅಂಗಡಿಗಳ ಬೋರ್ಡು ಬರೆಯುವವರು. ಮದುವೆಯಾದ ಹೊಸದರಲ್ಲಿ ಬೀರುವಿನ ಕೀಲಿ ಒಂದೇ ಒಂದು ತಿಂಗಳು ಅವರ ಹತ್ತಿರವಿತ್ತು. ಆ ತಿಂಗಳು ಅವರೊಂದು ಪಂಜರ ತಂದರು. ಗಿಳಿ ಎಲ್ಲಿ ಅಂದರೆ, “ಗಿಳಿ ಯಾಕೆ? ಪಂಜರಾನೇ ಎಷ್ಟು ಚೆನ್ನಾಗಿದೆ ನೋಡು!” ಅಂದರು. ಮರುದಿನವೇ ಕೀಲಿ ನನ್ನ ಕೈಚೀಲದ ಒಳಜೇಬು ಸೇರಿತು. ಅಂಥ ಕೀಲಿಯನ್ನು ನಾನು ಪಣಕ್ಕಿಟ್ಟಿದ್ದೆ!

ಮೊದಲು ಆಹಾರ ಖಾತೆ. ಅಂಗಡಿಯ ಐಸ್‌ಕ್ಯಾಂಡಿ ಎಂದರೇನು? ನೀರು, ಸಕ್ಕರೆ, ಬಣ್ಣ. ನೀರು ನಲ್ಲಿಯಲ್ಲಿದೆ, ಸಕ್ಕರೆ ಡಬ್ಬಿಯಲ್ಲಿದೆ, ಬಣ್ಣಕ್ಕೆ ಬೀಟ್‌ರೂಟ್ ಇದೆ! ಸ್ಟೀಲ್ ಲೋಟಗಳಿಗೆ ನಿಂಬೆರಸ, ಬೀಟ್‌ರೂಟ್ ರಸ ಸುರಿದು, ಚಮಚ ನೆಟ್ಟು ಫ್ರಿಜ್ಜಿನಲ್ಲಿಟ್ಟೆ. ಬೆಳಗಾಗುವಷ್ಟರಲ್ಲಿ ಮಾಣಿಕ್ಯದಂಥ ಕ್ಯಾಂಡಿಗಳು ಸಿದ್ಧ.

ಪುಟ್ಟಿ ನೆಕ್ಕಿ ನೋಡಿ ಮುಖ ಸಿಂಡರಿಸಿದಳು. “ಅಮ್ಮಾ, ಇದು ಮಣ್ಣಿನ ವಾಸನೆ ಬರ್ತಿದೆ.”

“ಅದು ಮಣ್ಣಲ್ಲ, ಕಬ್ಬಿಣದಂಶ!”

“ಕಬ್ಬಿಣ ಯಾರಾದ್ರೂ ತಿಂತಾರಾ?” ಎಂದರು ಅತ್ತೆ. ಆದರೂ ಸೆಕೆಗೆ ಎಲ್ಲರೂ ತಿಂದರು. ಒಂದು ವಾರ ನಮ್ಮ ಮನೆಯವರೆಲ್ಲ ನಕ್ಕರೆ ಕೆಂಪಗೆ ನಗುತ್ತಿದ್ದರು.

ಇನ್ನು ಮನರಂಜನೆ. ಇದರಲ್ಲಿ ನನಗೆ ದಾರಿ ತೋರಿದ್ದು ಒಂದು ಗಾಜಿನ ಬಾಗಿಲು. ಕಚೇರಿ ಮುಗಿಸಿ, ಬೆಂದ ಆಲೂಗಡ್ಡೆಯ ಹಾಗೆ ಬಸ್ಸಿಗೆ ಕಾಯುತ್ತಿದ್ದೆ. ಬೆನ್ನ ಹಿಂದೆ ಹೊಸದಾಗಿ ತೆರೆದಿದ್ದ ಫರ್ನಿಚರ್ ಮಳಿಗೆಯ ಬಾಗಿಲು ತೆರೆದುಕೊಂಡಿತು. ಒಳಗಿನ ಎ.ಸಿ. ಗಾಳಿ ಬಂದು ನನ್ನ ಕತ್ತಿನ ಹಿಂಭಾಗವನ್ನು ಸವರಿತು. ಆಹಾ! ತಿರುಗಿ ನೋಡಿದರೆ ಬಾಗಿಲ ಮೇಲೆ ಬರೆದಿತ್ತು: ‘ಒಳಗೆ ಬನ್ನಿ. ಕೂತು ನೋಡಿ, ಮಲಗಿ ನೋಡಿ. ಕೊಳ್ಳಲೇಬೇಕೆಂದಿಲ್ಲ.’

ಕೊಳ್ಳಲೇಬೇಕೆಂದಿಲ್ಲ! ಭಾಷೆಯಲ್ಲಿ ಇದಕ್ಕಿಂತ ಸುಂದರವಾದ ವಾಕ್ಯವನ್ನು ನಾನು ಈವರೆಗೆ ಓದಿಲ್ಲ.

ಮುಂದಿನ ಭಾನುವಾರ ಊಟ ಮುಗಿಸಿ, ಒಳ್ಳೆಯ ಬಟ್ಟೆ ತೊಟ್ಟು, ನಾಲ್ವರೂ ಹೊರಟೆವು. ಒಳಗೆ ಹೋದರೆ ಅದೊಂದು ಲೋಕ! ಗೋಡೆಯಿಲ್ಲದ ಮಲಗುವ ಕೋಣೆಗಳು, ಒಲೆಯಿಲ್ಲದ ಅಡುಗೆಮನೆಗಳು, ಮೇಜಿನ ಮೇಲೆ ಪ್ಲಾಸ್ಟಿಕ್ ಹಣ್ಣು. ಪುಟ್ಟಿ ಓದುವ ಮೇಜೊಂದರ ಮುಂದೆ ಕೂತು ರಜೆಯ ಮನೆಗೆಲಸ ಶುರುಮಾಡಿದಳು. ನನ್ನವರು ಒರಗು ಕುರ್ಚಿಯೊಂದರಲ್ಲಿ ಕಾಲು ಚಾಚಿದರು. ಅತ್ತೆ ತೇಗದ ಮಂಚವೊಂದರ ಮೇಲೆ ‘ಸುಮ್ನೆ ಒಂಚೂರು’ ಎಂದು ಒರಗಿದವರು ಗೊರಕೆಯನ್ನೇ ಆರಂಭಿಸಿದರು.

ಸೇಲ್ಸ್‌ಮನ್ ಓಡಿ ಬಂದ. “ಮೇಡಂ, ಏನು ನೋಡ್ತಿದ್ದೀರ?”

“ನಮ್ಮತ್ತೆಗೆ ಮಂಚ. ಅವರಿಗೆ ಮಲಗಿ ನೋಡಿದ್ರೇನೇ ಗೊತ್ತಾಗೋದು.”

“ಎಷ್ಟೊತ್ತು ಮಲಗ್ತಾರೆ?”

“ಅದು ಅವರ ಸೊಂಟ ಹೇಳಬೇಕಪ್ಪ.”

ಸೊಂಟ ಸಂಜೆಯವರೆಗೂ ಏನೂ ಹೇಳಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರವೂ ನಮ್ಮ ಗಿರಿಧಾಮ ಅದೇ. ಅತ್ತೆಯಂತೂ ಒಂದು ವಾರ ಹೋದವರೇ ಸೇಲ್ಸ್‌ಮನ್ನನ್ನು ತಡೆದು ನಿಲ್ಲಿಸಿದರು. “ಏನಯ್ಯಾ, ಆ ಮಂಚ ಎಲ್ಲಿ?”

“ಮಾರಾಟ ಆಯ್ತು ಅಜ್ಜಿ.”

“ಮಾರಿಬಿಟ್ರಾ! ನನ್ನ ಒಂದು ಮಾತು ಕೇಳಬಾರದಿತ್ತಾ?”

ಹೀಗೆ ಬೇಸಿಗೆ ತಣ್ಣಗೆ ಸರಿಯಿತು. ನನ್ನವರು ದಿನಕ್ಕೊಂದು ಸಲ ನನ್ನ ಕೈಚೀಲವನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನಾನು ಗೆದ್ದೇಬಿಟ್ಟಿದ್ದೆ. ಉಳಿದದ್ದು ರಜೆಯ ಕೊನೆಯ ಭಾನುವಾರ ಮಾತ್ರ.

ಗೆಲ್ಲುವವರಿಗೆ ತಲೆ ತಿರುಗುವುದು ಕೊನೆಗಳಿಗೆಯಲ್ಲೇ. ಕೊನೆಯ ದಿನವಲ್ಲವೇ, ವಿಜಯೋತ್ಸವ ಬೇಡವೇ ಎಂದು ನಾನು ಬೀಟ್‌ರೂಟ್ ಕ್ಯಾಂಡಿಗಳನ್ನು ಟಿಫಿನ್ ಡಬ್ಬಿಗೆ ತುಂಬಿ, ಟವೆಲ್ ಸುತ್ತಿ, ಕೈಚೀಲದಲ್ಲಿಟ್ಟು ಒಳಗೆ ಸಾಗಿಸಿದೆ. ‘ತಿಂಡಿ ತರಬಾರದು’ ಎಂಬ ಬೋರ್ಡಿತ್ತು. ಕ್ಯಾಂಡಿ ತಿಂಡಿಯಲ್ಲ, ಅದು ಪಾನೀಯದ ಗಟ್ಟಿ ರೂಪ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಅತ್ತೆ ಹೊಸ ಮಂಚ ಹುಡುಕಿಕೊಂಡರು. ಅಪ್ಪ ಮಗಳು ದೀಪಗಳ ವಿಭಾಗಕ್ಕೆ ಹೋದರು. ನಾನೊಬ್ಬಳೇ ಹಾಲಿನ ಕೆನೆಯ ಬಣ್ಣದ ಸೋಫಾದ ಅಂಚಿಗೆ ಕೂತು, ಕ್ಯಾಂಡಿ ಕರಗಿತೇನೋ ನೋಡೋಣವೆಂದು ಡಬ್ಬಿಯ ಮುಚ್ಚಳ ಎಳೆದೆ. ಬರಲಿಲ್ಲ. ಬಲವಾಗಿ ಎಳೆದೆ. ಬಂತು! ಮುಚ್ಚಳ ನನ್ನ ಕಡೆಗೆ ಬಂತು, ಕ್ಯಾಂಡಿಗಳು ಸೋಫಾದ ಕಡೆಗೆ ಹೋದವು.

ನಟ್ಟನಡುವೆ ಕಡುಗೆಂಪು ಕಲೆ! ಟವೆಲಿನಿಂದ ಒರೆಸಿದೆ. ನಾಣ್ಯದಷ್ಟಿದ್ದದ್ದು ತಟ್ಟೆಯಷ್ಟಾಯಿತು. ಇನ್ನೂ ಒರೆಸಿದೆ. ನದಿ, ಬೆಟ್ಟ, ಗಡಿಗಳೆಲ್ಲ ಮೂಡಿ ಒಂದು ದೇಶದ ಭೂಪಟವೇ ಆಯಿತು. ಸೋಫಾದ ತೋಳಿಗೆ ತೂಗುಬಿಟ್ಟಿದ್ದ ಬೆಲೆಚೀಟಿ ನೋಡಿದೆ. ನನ್ನ ಎರಡು ತಿಂಗಳ ಸಂಬಳ!

ಹೋಯಿತು. ಉಳಿತಾಯ ಹೋಯಿತು, ಮಾನ ಹೋಯಿತು, ಕೀಲಿ ಹೋಯಿತು! ಕಣ್ಮುಂದೆ ಪಂಜರಗಳ ಸಾಲೇ ಬಂದು ನಿಂತಿತು. ಅಷ್ಟರಲ್ಲಿ ಹೆಜ್ಜೆ ಸಪ್ಪಳ. ಇಷ್ಟು ವರ್ಷ ಕಷ್ಟಪಟ್ಟು ಓದಿದ ಬುದ್ಧಿಯೆಲ್ಲ ಒಟ್ಟುಗೂಡಿ ನನಗೊಂದೇ ಉಪಾಯ ಹೇಳಿತು: ಕೂತುಬಿಡು!

ಕೂತೆ. ಭೂಪಟದ ಮೇಲೆ, ರಾಜಧಾನಿಯ ಸಮೇತ ಮುಚ್ಚುವಂತೆ ಕೂತೆ. ತಣ್ಣಗಾಯಿತು.

ಬಂದವರು ಹೊಸದಾಗಿ ಮದುವೆಯಾದ ಜೋಡಿ. “ಸ್ವಲ್ಪ ಏಳ್ತೀರಾ? ನಾವೂ ಕೂತು ನೋಡಬೇಕು,” ಎಂದಳು ಹುಡುಗಿ.

“ಆ ಪಕ್ಕ ಒಬ್ರು, ಈ ಪಕ್ಕ ಒಬ್ರು ಕೂತ್ಕೊಳ್ಳಿ.”

“ಮಧ್ಯದಲ್ಲಿ ನೀವಾ?”

“ಏನು ಮಾಡಲಮ್ಮ, ಕೂತಮೇಲೆ ಏಳೋದಕ್ಕೇ ಆಗ್ತಿಲ್ಲ.”

ಹುಡುಗಿ ನನ್ನ ಆಚೆ ಬಗ್ಗಿ ಗಂಡನಿಗೆ ಹೇಳಿದಳು. “ನೋಡಿದ್ರಾ! ಸೋಫಾ ಅಂದ್ರೆ ಹೀಗಿರಬೇಕು.” ಅವರು ಅದೇ ಮಾದರಿಯದಕ್ಕೆ ಆರ್ಡರ್ ಬರೆಸಿಯೇ ಹೋದರು.

ಬೆನ್ನಿಗೇ ಕೋಲೂರಿಕೊಂಡ ಅಜ್ಜನೊಬ್ಬ ಬಂದ. “ಎಷ್ಟೊತ್ತಿಂದ ಕೂತಿದ್ದೀಯ ತಾಯಿ?”

“ಬಂದಾಗಿಂದ ಅಜ್ಜ.”

“ಬೆನ್ನು ನೋವು?”

“ಬೆನ್ನಿನ ಯೋಚನೇನೇ ಬಂದಿಲ್ಲ.” ಸತ್ಯವನ್ನೇ ಹೇಳಿದೆ. ಅಜ್ಜನೂ ಬರೆಸಿದ. ‘ಆಯಮ್ಮ ಏಳ್ತಾನೇ ಇಲ್ವಂತೆ’ ಎಂಬ ಸುದ್ದಿ ಮಂಚದ ಸಾಲಿಗೆ, ಊಟದ ಮೇಜುಗಳಿಗೆ ಹಬ್ಬಿತು. ಜನ ಸುತ್ತ ನೆರೆದರು. ನಾನು ಏಳುವುದಿಲ್ಲವೆಂದಷ್ಟೂ ಸೋಫಾದ ಕೀರ್ತಿ ಬೆಳೆಯಿತು. ದಪ್ಪ ಮೀಸೆಯ ಮ್ಯಾನೇಜರರೇ ಬಂದರು. ಸಿಕ್ಕಿಬಿದ್ದೆ ಅಂದುಕೊಂಡರೆ, “ಮೇಡಂ, ಅಲ್ಲಾಡಬೇಡಿ, ಹಾಗೇ ಕೂತಿರಿ. ಜ್ಯೂಸ್ ತರಿಸ್ಲಾ?” ಎನ್ನಬೇಕೇ!

ಆಮೇಲೆ ಬಂದರು ನನ್ನವರು. “ಏಳೇ, ಹೋಗೋಣ. ಪುಟ್ಟಿಗೆ ಹಸಿವಂತೆ.”

“ನೀವು ಹೋಗಿ. ನಾನು ಇಲ್ಲೇ ಇರ್ತೀನಿ.”

“ಇಲ್ಲೇ ಅಂದ್ರೆ?”

“ಇಲ್ಲೇ ಅಂದ್ರೆ ಇಲ್ಲೇ! ನನ್ನ ಎಬ್ಬಿಸಬೇಡಿ!” ಎನ್ನುವಷ್ಟರಲ್ಲಿ ಕೀಲಿ ನೆನಪಾಗಿ ಕಣ್ಣು ತುಂಬಿಬಂತು.

ಅವರು ನನ್ನ ಮುಖ ನೋಡಿದರು. ಸೋಫಾ ನೋಡಿದರು. ಬೆಲೆಚೀಟಿ ತಿರುಗಿಸಿ ನೋಡಿದರು. ಎಲ್ಲ ಗೊತ್ತಾಗಿಹೋಯಿತು ಅಂದುಕೊಂಡೆ. ಅವರು ಮೆಲ್ಲಗೆ, “ಸರಿ, ನೀನು ಕೂತಿರು,” ಎಂದು ಹೇಳಿ ಮ್ಯಾನೇಜರರ ಕೋಣೆಯ ಕಡೆ ನಡೆದುಬಿಟ್ಟರು. ಏನಕ್ಕೆಂದು ಕೇಳಲು ಪುರುಸೊತ್ತೆಲ್ಲಿ? ಇನ್ನೊಂದು ಸಂಸಾರ ಬಂದು ನನ್ನ ಅಕ್ಕಪಕ್ಕ ಕೂತಿತ್ತು.

ಅಂಗಡಿ ಮುಚ್ಚುವ ಹೊತ್ತಾಯಿತು. ದೀಪಗಳು ಒಂದೊಂದಾಗಿ ಆರಿದವು. ಮನೆಯವರೆಲ್ಲ ಬಾಗಿಲಲ್ಲಿ ಕಾಯುತ್ತಿದ್ದರು. ಮ್ಯಾನೇಜರ್ ಎದುರಿಗೆ ನಿಂತಿದ್ದರು. ಇನ್ನು ದಾರಿಯಿಲ್ಲ. ಎದ್ದೆ. “ತಪ್ಪಾಯ್ತು ಸಾರ್,” ಎಂದು ಕಣ್ಣು ಮುಚ್ಚಿ ಪಕ್ಕಕ್ಕೆ ಸರಿದೆ.

ಅವರು ಭೂಪಟ ನೋಡಿದರು. ಮೀಸೆ ಕುಣಿಯುವಂತೆ ನಕ್ಕರು. “ಇಷ್ಟಕ್ಕಾ ಮೇಡಂ?” ಎಂದು ಬಗ್ಗಿ, ಸೋಫಾದ ಹಿಂಬದಿಯ ಜಿಪ್ಪು ಹಿಡಿದು ‘ಸರ್ರ್’ ಎಂದು ಎಳೆದರು. ಬಾಳೆಹಣ್ಣಿನ ಸಿಪ್ಪೆಯಂತೆ ಕವರು ಸುಲಿದು ಬಂತು! ಬೆಲೆಚೀಟಿಯಲ್ಲಿ ಬೆಲೆಯ ಕೆಳಗೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ‘ಕವರ್ ತೆಗೆದು ಒಗೆಯಬಹುದು.’ ಮೂರು ಗಂಟೆ ಕಾಲ ಅದರ ಪಕ್ಕದಲ್ಲೇ ಕೂತಿದ್ದ ಎಂ.ಕಾಂ. ಬೆಲೆ ಓದಿ ಮುಂದೆ ಓದಿರಲಿಲ್ಲ.

“ಒಗೆದು ನಾಳೆನೇ ತಂದ್ಕೊಡ್ತೀನಿ ಸಾರ್!”

“ವಾಪಸ್ ಏನೂ ಬೇಡ. ನಿಮ್ಮ ಹತ್ರಾನೇ ಇರಲಿ. ಇವತ್ತು ಈ ಮಾದರೀದು ಐದು ಸೋಫಾ ಹೋಯ್ತು ಮೇಡಂ, ಎಲ್ಲಾ ನಿಮ್ಮಿಂದ!”

ಎಂಥ ಉದಾರಿ! ನನ್ನ ಲೆಕ್ಕಕ್ಕೆ ನಾಲ್ಕೇ ಸಿಕ್ಕಿದ್ದವು, ಐದನೆಯದು ಜನಜಂಗುಳಿಯಲ್ಲಿ ತಪ್ಪಿರಬೇಕೆಂದುಕೊಂಡೆ. ಕವರನ್ನು ಶತ್ರುವಿನ ಬಾವುಟದಂತೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. “ಅದೇನೇ ಅದು?” ಎಂದು ಅತ್ತೆ ಕೇಳಿದ್ದಕ್ಕೆ, “ಬಹುಮಾನ!” ಎಂದೆ. ನನ್ನವರು ಏಕೋ ಕೆಮ್ಮಿದರು.

ಮರುದಿನ ಶಾಲೆ ಶುರುವಾಯಿತು. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ನಾನು ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ನನ್ನವರ ಮೂಗಿನ ಮುಂದೆ ಗಿರ್ರನೆ ತಿರುಗಿಸಿದೆ. “ಬೇಸಿಗೆ ರಜ ಮುಗೀತು. ಬಿಡಿಗಾಸು ಖರ್ಚಾಗಿಲ್ಲ. ಗೆದ್ದೆನೋ ಇಲ್ವೋ?”

“ಗೆದ್ದೆ ಕಣೇ. ಕೀಲಿ ನಿನ್ನದೇ,” ಎಂದರು ಅವರು, ಬೀದಿಯ ಕಡೆ ನೋಡುತ್ತ.

ಕರೆಗಂಟೆ ಬಡಿಯಿತು. ಬಾಗಿಲು ತೆಗೆದರೆ ಇಬ್ಬರು ಹಮಾಲಿಗಳು, ನಡುವೆ ಒಂದು ಸೋಫಾ. ಮೈಮೇಲೆ ಬಟ್ಟೆಯಿಲ್ಲದೆ, ಬಚ್ಚಲಿಂದ ಎದ್ದು ಬಂದವರ ಹಾಗೆ ನಾಚಿಕೊಂಡು ನಿಂತಿದೆ!

“ಮನೆ ತಪ್ಪಾಗಿದೆಯಪ್ಪ,” ಎಂದೆ.

“ಇಲ್ಲಮ್ಮ, ಇದೇ ಮನೆ. ಇದರ ಕವರು ನಿಮ್ಮ ಮನೇಲೇ ಇದೆ ಅಂದ್ರು.”

ಹಿತ್ತಲಿನ ತಂತಿಯ ಮೇಲೆ, ಕಲೆ ಹೋಗುವಂತೆ ಒಗೆದು ಹಾಕಿದ್ದ ಕವರು ಗಾಳಿಗೆ ಹಾರಾಡುತ್ತಿತ್ತು. ನಾನು ನನ್ನವರ ಕಡೆ ತಿರುಗಿದೆ.

“ಬೈಬೇಡ್ವೇ,” ಎಂದರು ಅವರು. “ಮದುವೆ ಆದಾಗಿಂದ ಒಂದಿನ ಒಂದು ವಸ್ತು ಬೇಕು ಅಂತ ಕೇಳಿದವಳಲ್ಲ ನೀನು. ನಿನ್ನೆ ಸೋಫಾ ಬಿಟ್ಟು ಏಳೋಕಾಗದೆ ಕಣ್ಣಲ್ಲಿ ನೀರು ಹಾಕ್ಕೊಂಡಿದ್ದು ನೋಡಿ ನನಗೆ ತಡೀಲಿಲ್ಲ. ಮ್ಯಾನೇಜರ್ ಹತ್ರ ಹೋಗಿ ಆ ಹೆಂಗಸು ನನ್ನ ಹೆಂಡ್ತಿ ಅಂದೆ. ಕೈ ಕುಲುಕಿ ಅರ್ಧ ಬೆಲೆಗೆ ಕೊಟ್ಟುಬಿಟ್ರು!”

ಬೀಟ್‌ರೂಟಿನ ಕಥೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರ ಮುಖ, ತಾನು ಬರೆದ ಚಿತ್ರಕ್ಕೆ ಮೆಚ್ಚುಗೆ ಕಾಯುವ ಮಗುವಿನ ಮುಖದ ಹಾಗಿತ್ತು. ನುಂಗಿಕೊಂಡೆ.

“ತುಂಬಾ ಇಷ್ಟ ಆಗಿತ್ತು ರೀ,” ಎಂದೆ. ಮರುಕ್ಷಣವೇ ಒಳಗಿನ ಎಂ.ಕಾಂ. ಎಚ್ಚರವಾಯಿತು. “ದುಡ್ಡು?”

“ಮುಂಗಡ ನನ್ನದು. ರಜೇಲಿ ಅಂಗಡಿ ಬೋರ್ಡುಗಳು ಬರೆದಿದ್ನಲ್ಲ, ಅದರದ್ದು. ಉಳಿದದ್ದು ಕಂತು.”

“ಕಂತು ಯಾರು ಕಟ್ಟೋದು?”

“ಬೀರು ಕೀಲಿ ಯಾರ ಹತ್ರ ಇದೆಯೋ ಅವರು! ಈಗ ತಾನೇ ಗೆದ್ಯಲ್ಲ?”

ಬೆರಳಿನಲ್ಲಿ ತಿರುಗುತ್ತಿದ್ದ ಕೀಲಿ ತಾನಾಗಿ ನಿಂತಿತು.

ಅರ್ಧ ಬೆಲೆಗೆ ಸೋಫಾ ಬಂದದ್ದು ಯಾರ ಪರಾಕ್ರಮದಿಂದ? ನನ್ನದೇ! ಆ ಹೆಮ್ಮೆಯಿಂದ ಕವರು ತಂದು ತೊಡಿಸಿ, ಈಗಲಾದರೂ ಹೆದರಿಕೆಯಿಲ್ಲದೆ ಕೂರೋಣವೆಂದು ಕೈ ಒರೆಸಿಕೊಂಡು ಬಂದೆ. ಅದು ಮೂರು ಜನರ ಸೋಫಾ. ಒಂದು ಬದಿಗೆ ಅತ್ತೆ, ಇನ್ನೊಂದು ಬದಿಗೆ ಪುಟ್ಟಿ, ನಡುವೆ ನನ್ನವರು.

“ಸ್ವಲ್ಪ ಏಳ್ತೀರಾ?” ಎಂದೆ.

“ಏನು ಮಾಡಲಮ್ಮ,” ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ, “ಏಳೋದಕ್ಕೇ ಆಗ್ತಿಲ್ಲ.”

ಕಂತು ಕಟ್ಟುವ ನಾನು ನೆಲದ ಮೇಲೆ ಕೂತು ಮೂವರಿಗೂ ಸೌತೆಕಾಯಿ ಹೆಚ್ಚಿಕೊಟ್ಟೆ.