ಅಂಗಡಿಯಲ್ಲಿ ಟೀ ಕುಡಿಯಬಾರದ ಸಂಘ

ಜಗಳಕ್ಕೆಂದು ಸೆರಗು ಸಿಕ್ಕಿಸಿ ಹೊರಟಾಗಲೆಲ್ಲ ನಗಾಡಿಕೊಂಡು ವಾಪಸ್ ಬರುವುದು ನನ್ನ ಹಣೆಬರಹ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬ್ಲೌಸ್ ಹೊಲಿದುಕೊಂಡು ತೆಪ್ಪಗಿದ್ದವಳು ಗ್ರಾಹಕರ ಸಂಘ ಕಟ್ಟಲು ಹೋದೆನಲ್ಲ, ಆಗಂತೂ ಇಂಥವು ಸಾಲುಸಾಲಾಗಿ ನಡೆದವು.

ಮೊದಲ ಟೀ

ಹೊಸ ಮಿಕ್ಸಿ ತಂದ ನಾಲ್ಕನೇ ದಿನ. ಶೇಂಗಾ ಚಟ್ನಿ ಅರ್ಧ ಆಗುವಷ್ಟರಲ್ಲಿ ಗುರ್ ಎಂದು ನಿಂತೇಹೋಯಿತು. ಅದನ್ನು ಕಂಕುಳಲ್ಲಿ ಇರುಕಿಕೊಂಡು, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಅಂಗಡಿಗೆ ಹೋದೆ. ನನ್ನನ್ನು ಕಂಡದ್ದೇ ಮಾಲೀಕರು ಎದ್ದು ನಿಂತರು.

"ಬರ್ರಿ ಅಕ್ಕಾರೆ, ಕೂಡ್ರಿ. ಇಷ್ಟು ಬಿಸಿಲಾಗೆ ಯಾಕ ಬಂದ್ರಿ? ಯಾರದು, ಅಕ್ಕಾರಿಗೆ ಒಂದು ಟೀ ಹೇಳ್ರಿ!"

ಟೀ ಬಂತು. ಹಿಂದೆಯೇ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಬಂದವು. ನಮ್ಮ ಅತ್ತೆಯ ಮಂಡಿನೋವು, ಅವರ ಮಗಳ ಬಾಣಂತನ ಎಲ್ಲ ಮಾತಾಡಿದ್ದಾಯಿತು. ಟೀ ಕುಡಿದ ಬಾಯಲ್ಲೇ ಕೊಟ್ಟವರನ್ನು ಬೈಯುವುದು ನಮ್ಮ ಕಡೆಯವರಿಂದ ಆಗುವ ಮಾತೇ? ಮೂರು ಸಲ ಹೋದೆ, ಮೂರು ಸಲವೂ ಹೀಗೇ. ಮಿಕ್ಸಿಯಂತೂ ತಿರುಗಲಿಲ್ಲ. ನನ್ನ ಬ್ಲೌಸುಗಳನ್ನು ಮಾತ್ರ ನಾನೇ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಬೇಕಾಯಿತು.

ನೆಂಟರಿಲ್ಲದ ಅಂಗಡಿ

ಪಕ್ಕದ ಮನೆಯ ವಕೀಲರು ದಾರಿ ತೋರಿಸಿದರು. "ಒಬ್ರೇ ಹೋದ್ರೆ ಟೀ ಕೊಡ್ತಾರಕ್ಕ, ಸಂಘ ಹೋದ್ರೆ ಉತ್ತರ ಕೊಡ್ತಾರೆ. ಏಳು ಮಂದಿ ಸಹಿ ಮಾಡ್ಲಿ, ಸಂಘ ರಿಜಿಸ್ಟರ್ ಮಾಡಿಸೋಣ."

ಭಾನುವಾರ ನಮ್ಮ ಮನೆಯಲ್ಲಿ ಸಭೆ ಕರೆದೆ. ಹದಿನೈದು ಮಂದಿ ಬಂದರು. ಉಪ್ಪಿಟ್ಟು ಮುಗಿಯುವವರೆಗೆ ಎಲ್ಲರೂ ಕ್ರಾಂತಿಕಾರಿಗಳೇ. ಆಮೇಲೆ ಪುಸ್ತಕ ತೆರೆದು ಪೆನ್ನು ಮುಂದಿಟ್ಟೆ.

"ಮೊದ್ಲು ಯಾರ ಮ್ಯಾಲೆ ದೂರು?" ಎಂದರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು.

ಮಿಕ್ಸಿ ಅಂಗಡಿಯ ಹೆಸರು ಹೇಳಿದೆ.

"ಅಯ್ಯಯ್ಯೋ, ಅವ್ರು ನಮ್ಮ ಬೀಗ್ರು!"

"ಹೋಗ್ಲಿ, ತೂಕದಾಗೆ ಮೋಸ ಮಾಡ್ತಾರಲ್ಲ, ಆ ಕಿರಾಣಿ ಅಂಗಡಿ?" ಎಂದೆ.

"ಅದು ನಮ್ಮ ಷಡ್ಡಕಂದು," ಎಂದಿತು ಮೂಲೆಯಿಂದ ಇನ್ನೊಂದು ದನಿ.

ದೂರು ಕೊಡಬಾರದ ಅಂಗಡಿಗಳ ಪಟ್ಟಿಯೇ ಎರಡು ಪುಟ ತುಂಬಿತು. ನನಗೆ ರೇಗಿತು. ಯಾರಿಗೂ ನೆಂಟರಲ್ಲದ ಅಂಗಡಿ ಈ ಊರಲ್ಲಿ ಒಂದಾದರೂ ಇದೆಯೇ ಎಂದು ಕೇಳಿದೆ. ಎಲ್ಲರ ಕಣ್ಣೂ ನಿಧಾನಕ್ಕೆ ನನ್ನ ಹೊಲಿಗೆ ಮಷೀನಿನ ಕಡೆ ತಿರುಗಿದವು.

"ಬೇಜಾರಾಗಬ್ಯಾಡ್ರಿ ಅಕ್ಕ," ಎಂದಳು ಎದುರು ಮನೆಯಾಕೆ. "ದೀಪಾವಳಿ ಬ್ಲೌಸು ನನಗಿನ್ನೂ ಬಿಗೀನೇ ಐತೆ."

ಊರು ಬದಲಿಸಿ ಜಗಳ

ನಾನು, ಬ್ಯಾಂಕಿನ ಹಿರಿಯರು, ಬ್ಲೌಸು ಸಡಿಲ ಮಾಡಿಕೊಡುವ ಷರತ್ತಿನ ಮೇಲೆ ಎದುರು ಮನೆಯಾಕೆ: ಅಲ್ಲಿಗೆ ಮೂರೇ ಸಹಿ. ಹರಿಹರದಲ್ಲಿರುವ ಗೆಳತಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಿಯಾದವಳು, ಎಲ್ಲರಿಗೂ ನರ್ಸಮ್ಮ.

"ನಮ್ಮೂರಾಗೂ ಅದೇ ಹಾಡು," ಎಂದಳು. "ಇಲ್ಲಿ ಯಾರ ಮ್ಯಾಲೂ ಬಾಯಿ ಬಿಡಂಗಿಲ್ಲ. ದಾವಣಗೆರೆ ಅಂಗಡಿ ಮ್ಯಾಲೆ ಅಂದ್ರೆ ನೋಡು, ಇನ್ನಿಬ್ರನ್ನ ಈಗ್ಲೇ ಕರ್ಕೊಂಡು ಬರ್ತೀನಿ!"

ಇದನ್ನು ಕೇಳಿ ನಮ್ಮ ಹಿರಿಯರಿಗೂ ಜೀವ ಬಂತು. "ಹರಿಹರದ ಅಂಗಡಿಗಳಾ? ಮೊದ್ಲೇ ಹೇಳಬಾರ್ದಾ! ಎಷ್ಟು ಬೇಕಾದ್ರೂ ಬೈತೀನಿ."

ಹಾಗಾಗಿ ಹರಿಹರದವರು ದಾವಣಗೆರೆಯಲ್ಲಿ, ದಾವಣಗೆರೆಯವರು ಹರಿಹರದಲ್ಲಿ ಜಗಳವಾಡುವುದೆಂದು ನಿಯಮವಾಯಿತು. ಸಹಿ ಆರಕ್ಕೇರಿತು. ಏಳನೆಯದಕ್ಕೆ ಯಾರನ್ನು ಕೇಳಿದರೂ, ಮೊದಲು ಆ ಮಿಕ್ಸಿ ಬದಲಾಯಿಸಿ ತೋರಿಸಿ, ಆಮೇಲೆ ನೋಡೋಣ ಎನ್ನುವವರೇ. ಸೋತರೆ ಸಂಘ ಹುಟ್ಟುವ ಮೊದಲೇ ಮುಗಿದಂತೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂಗಡಿಯಲ್ಲಿ ಯಾರೂ ಟೀ ಮುಟ್ಟಬಾರದೆಂದು ಎರಡನೇ ನಿಯಮ ಬರೆದೆ. ಹಿರಿಯರು ಗಂಭೀರವಾಗಿ ಓದಿ, ಒಪ್ಪಿ, ಕೇಳಿದರು:

"ಕಾಫಿ ನಡೀತೈತಾ?"

ಮುತ್ತಿಗೆ

ಆರೂ ಮಂದಿ ಮಿಕ್ಸಿ ಅಂಗಡಿಗೆ ನುಗ್ಗಿದೆವು. ಜಗಳ ಹರಿಹರದವರದು, ನಾವು ಮೂವರು ಲೆಕ್ಕಕ್ಕೆ. ಬೀಗರನ್ನು ಕಂಡ ಹಿರಿಯರು ವಾಷಿಂಗ್ ಮಷೀನುಗಳ ಹಿಂದೆ ಸರಿದರು. ನರ್ಸಮ್ಮ ಕೆಟ್ಟ ಮಿಕ್ಸಿಯನ್ನು ಕೌಂಟರಿನ ಮೇಲೆ ಕುಕ್ಕಿದಳು.

"ಬರ್ರಿ, ಕೂಡ್ರಿ. ಟೀ ಹೇಳ್ತೀನಿ," ಎಂದರು ಮಾಲೀಕರು.

"ಟೀ ಬ್ಯಾಡ. ಇದನ್ನ ಬದಲಾಯಿಸಿ ಕೊಡ್ರಿ."

"ಅದಕ್ಕೇನಂತೆ, ನೋಡೋಣ. ತಮ್ಮದು ಯಾವೂರಾತು?"

"ಇರೋದು ಹರಿಹರ, ತವರು ನಂದಿಗುಡಿ," ಎಂದುಬಿಟ್ಟಳು ನರ್ಸಮ್ಮ.

"ನಂದಿಗುಡಿನಾ! ನಮ್ಮ ಮನೆಯವ್ರ ತವರೂ ಅದೇ ಅಲ್ರೀ! ಹಂಗಾದ್ರೆ ನೀವು ನನಗೆ ನಾದಿನಿ ಆಗ್ಬೇಕು!"

ಇನ್ನು ಮಂಡಕ್ಕಿ ಬರುತ್ತದೆ, ಸಂಘ ಮುಗಿಯುತ್ತದೆ ಅಂದುಕೊಂಡೆ. ಆದರೆ ನರ್ಸಮ್ಮ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಹೌದಾ ಭಾವ? ನಾದಿನಿ ಅಂದಮ್ಯಾಲೆ ಬರೀ ಟೀ ಕೊಟ್ಟು ಕಳಿಸ್ತೀರಾ? ಊಟ ಆಗ್ಲಿ. ಆರು ಮಂದಿ ಅದೀವಿ. ರೊಟ್ಟಿ ಸಾಕು, ಜೊತೆಗೆ ಶೇಂಗಾ ಚಟ್ನಿ ಇರ್ಲಿ."

ನಾವೆಲ್ಲ ಆಕೆಯ ಸುತ್ತ ಕೂತೆವು. ನೆಂಟಸ್ತಿಕೆ ಹೂಡಿದ್ದು ಮಾಲೀಕರೇ, ಇಲ್ಲವೆನ್ನುವ ಹಾಗಿಲ್ಲ. ಅಂಗಡಿಯ ಮೇಲೇ ಅವರ ಮನೆ. ಮೆಟ್ಟಿಲ ಬಳಿ ಹೋಗಿ ಮೆತ್ತಗೆ ಕೂಗಿದರು. "ಏನೇ, ನಿಮ್ಮೂರ ಕಡೆಯವ್ರು ಬಂದಾರೆ. ಆರು ಮಂದಿಗೆ ರೊಟ್ಟಿ, ಶೇಂಗಾ ಚಟ್ನಿ ಆಗ್ಬೇಕಂತೆ."

ಮೇಲೆ ಪಾತ್ರೆ ದಢಾರೆಂದಿತು. ಅವರ ಹೆಂಡತಿ ಹಿಟ್ಟಿನ ಕೈಯಲ್ಲೇ ಇಳಿದು ಬಂದರು. ಅಂಗಡಿಯ ತುಂಬ ಗಿರಾಕಿಗಳಿದ್ದರು.

"ಚಟ್ನಿ ಹೆಂಗೆ ಮಾಡ್ಲಿ? ನೀವು ಕೊಟ್ಟ ಮಿಕ್ಸಿ ನಿಂತು ಮೂರು ತಿಂಗಳಾತು! ಕೇಳಿದಾಗೆಲ್ಲ ನಾಳೆ ನೋಡೋಣ ಅಂತೀರಿ. ಕಲ್ಲಿನಾಗೆ ಅರೆದು ಅರೆದು ನನ್ನ ರಟ್ಟೆ ಬಿದ್ದೋಗ್ಯಾವು!"

ಗಿರಾಕಿಗಳೆಲ್ಲ ಹೋ ಎಂದು ನಕ್ಕರು. ಮಾಲೀಕರು ಎರಡು ಹೊಸ ಮಿಕ್ಸಿ ಇಳಿಸಿದರು, ಒಂದು ನನಗೆ, ಒಂದು ಹೆಂಡತಿಗೆ. ನನಗೆ ಅಲ್ಲೇ ಕುಣಿಯುವಷ್ಟು ಖುಷಿ.

ಆಯಮ್ಮನ ಕಣ್ಣು ನನ್ನ ಕೈಯಲ್ಲಿದ್ದ ಪುಸ್ತಕದ ಮೇಲೆ ಬಿತ್ತು. "ಏನಕ್ಕ ಅದು?"

"ಗ್ರಾಹಕರ ಸಂಘದ ಪುಸ್ತಕ. ಇನ್ನೊಂದು ಸಹಿ ಬೇಕಾಗೈತೆ."

ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಪೆನ್ನು ಇಸಿದುಕೊಂಡು, ಏಳನೇ ಸಹಿ ಗೀಚಿಯೇಬಿಟ್ಟರು. ಆಮೇಲೆ ಗಂಡನ ಕಡೆ ತಿರುಗಿದರು.

"ಈಗ ನಮ್ಮನೆ ಫ್ರಿಜ್ಜಿನ ವಿಷ್ಯಕ್ಕೆ ಬರೋಣ್ರಿ, ಮಾಲೀಕ್ರೆ."